ಕೊರೋನಾ ವೈರಾಣುವಿನ ದೇಹಾಧಿಷ್ಠಾನ

ಕ್ರಿ. ಶ. ೨೦೨೦ನೆಯ ಮಾರ್ಚಿ ೧೦ರಂದು ಕಲಬುರಗಿಯ ವೃದ್ಧರೊಬ್ಬರು ಮೃತರಾದರು. ಭಾರತದಲ್ಲಿ ಕೋವಿಡ್ ರೋಗದಿಂದಾದ ಮೊದಲ ಮರಣವಿದೆಂದು ಎರಡು ದಿವಸಗಳ ತರುವಾಯ ನಿಶ್ಚಿತವಾಯಿತು. ಅಲ್ಲಿಂದ ಮುಂದೆ ಕರ್ಣಾಟಕದಲ್ಲಿ ರೋಗದಷ್ಟೇ ಶವವೂ ಭಯಕಾರಣವಾಯಿತು. ಮಕ್ಕಳು ತಂದೆಯ ಮುಖವನ್ನು ಕಾಣದೆಯೇ ಅನೇಕ ಅಂತ್ಯಸಂಸ್ಕಾರಗಳು ನಡೆದುಹೋದುವು. ಆದಕಾರಣ ಈ ವೈರಾಣುವು ಶರೀರದಲ್ಲಿ ಎಲ್ಲೆಲ್ಲಿ ನೆಲಸುವುದೆಂಬ ಪ್ರಶ್ನೆಯು ವೈದ್ಯರಿಗೆ ಮಾತ್ರ ಸೇರಿದುದಾಗಿರಲಿಲ್ಲ.

ವೈರಾಣುವು ತಾನಾಗಿ ವೃದ್ಧಿಹೊಂದಲಾರದು. ಜೀವಕೋಶವೊಂದನ್ನು ಹೊಕ್ಕೇ ಬೆಳೆಯಬೇಕು. ೨೦೦೩ರಲ್ಲಿ ಸಾರ್ಸ್ ರೋಗವು ಹಬ್ಬಿದಾಗ, ಅದರ ವೈರಾಣುವಿಗೆ ದ್ವಾರವಾಗಿರುವುದು ಏಸಿಇ-೨ ಎಂಬ ಪ್ರೋಟೀನೆಂದು ಅಮೆರಿಕೆಯ ವಿದ್ವಾಂಸರು ಕಂಡುಹಿಡಿದರು. ರಕ್ತದ ಒತ್ತಡವನ್ನು ಹದದಲ್ಲಿಡುವುದಕ್ಕೆ ಸಹಾಯಕವಾದ ಈ ವಸ್ತುವು ಕೆಲವು ಜೀವಕೋಶಗಳ ಹೊರಪೊರೆಯ ಮೇಲಿರುತ್ತದೆ. ೨೦೨೦ರ ವೈರಾಣುವಿಗೂ ಇದೇ ದ್ವಾರವು. ಅದರ ಮೈಮೇಲಿನ ಮುಳ್ಳು ಇಲ್ಲಿ ಅಂಟಿಕೊಂಡ ಬಳಿಕ, ಟಿಎಂಪಿಆರ್‌ಎಸ್‌ಎಸ್-೨ ಎಂಬ ಇನ್ನೊಂದು ಪ್ರೋಟೀನು ಆ ಮುಳ್ಳನ್ನು ಛೇದಿಸಿ ಪ್ರವೇಶವನ್ನು ಸುಗಮಗೊಳಿಸುತ್ತದೆ. ಮೂಗಿನ ಒಳಪೊರೆಯ ರೋಮಯುಕ್ತ ಜೀವಕೋಶಗಳೂ, ಶ್ವಾಸಕೋಶದ ಗಾಳಿಗೂಡುಗಳಲ್ಲಿ ಅವು ಕುಸಿಯದಂತೆ ದ್ರವವನ್ನು ಸ್ರವಿಸುವ ಎರಡನೆಯ ಬಗೆಯ ಜೀವಕೋಶಗಳೂ ಮುಖ್ಯವಾದ ಅಧಿಷ್ಠಾನಗಳು. ಕರುಳಿನ ಒಳಪೊರೆಯಲ್ಲಿಯೂ ಇದು ಬೆಳೆಯಬಲ್ಲುದು.

ಆದರೆ ದ್ವಾರವೊಂದರಿಂದಲೇ ರೋಗದ ತೀವ್ರತೆಯನ್ನು ಊಹಿಸುವುದು ಯುಕ್ತವಲ್ಲ. ೨೦೦೪ರಲ್ಲಿ ಪ್ರಕಟವಾದ ಎನ್‌ಎಲ್-೬೩ ಎಂಬ ಕೊರೋನಾ ವೈರಾಣುವೂ ಏಸಿಇ-೨ ಮೂಲಕವೇ ಪ್ರವೇಶಿಸುತ್ತದೆ. ಅದರಿಂದುಂಟಾಗುವುದು ಬಹುಮಟ್ಟಿಗೆ ನೆಗಡಿ ಮಾತ್ರ. ಚರಕಸಂಹಿತೆಯು ಪ್ರಾಣವಹಸ್ರೋತಸ್ಸುಗಳಿಗೆ ಹೃದಯವನ್ನೂ ಮಹಾಸ್ರೋತಸ್ಸನ್ನೂ, ಎಂದರೆ ಅನ್ನಮಾರ್ಗವನ್ನೂ, ಮೂಲವೆಂದು ಹೇಳುವುದಷ್ಟೆ. ಇಷ್ಟರಿಂದಲೇ ಪ್ರಾಚೀನರು ಈ ವಿಷಯವನ್ನು ಅರಿತಿದ್ದರೆಂದು ಸಾಧಿಸಹೊರಡುವವರದು ಹೇತ್ವಾಭಾಸವೇ ಹೊರತು ಶಾಸ್ತ್ರಾಭಿಮಾನವಲ್ಲ.

ಪ್ರಕೃತ ಪ್ರಶ್ನೆಗೆ ಕರ್ಣಾಟಕದಲ್ಲಿಯೇ ದೊರೆತ ಪ್ರಮಾಣವೊಂದುಂಟು. ೨೦೨೦ರ ಅಕ್ಟೋಬರಿನಲ್ಲಿ ಬೆಂಗಳೂರಿನ ಆಕ್ಸ್‌ಫರ್ಡ್ ವೈದ್ಯಕೀಯ ಕಾಲೇಜಿನ ಡಾಕ್ಟರ್ ದಿನೇಶ ರಾವ್ ಅವರು ಕೋವಿಡ್‌ನಿಂದ ಮೃತರಾದವರೊಬ್ಬರ ಶವಪರೀಕ್ಷೆಯನ್ನು ನಡೆಸಿದರು. ಸ್ಪಂಜಿನಂತೆ ಮೃದುವಾಗಿರಬೇಕಾದ ಶ್ವಾಸಕೋಶವು ಚರ್ಮದ ಚೆಂಡಿನಂತೆ ಗಡುಸಾಗಿದ್ದಿತು. ಗಾಳಿಗೂಡುಗಳು ಒಡೆದು ರಕ್ತನಾಳಗಳಲ್ಲಿ ಹೆಪ್ಪು ಕಟ್ಟಿದ್ದಿತು. ಮರಣಾನಂತರ ಸುಮಾರು ೧೮ ಗಂಟೆಗಳು ಕಳೆದಿದ್ದರೂ ಮೂಗು ಗಂಟಲುಗಳಲ್ಲಿ ವೈರಾಣುವಿನ ಕುರುಹು ಸಿಕ್ಕಿತು. ಮುಖದ ಮತ್ತು ಕುತ್ತಿಗೆಯ ಚರ್ಮದಲ್ಲಿ ಸಿಕ್ಕಲಿಲ್ಲ.

ಇದು ಒಂದೇ ಶವದ ಸಾಕ್ಷ್ಯ. ಆರ್‌ಟಿ-ಪಿಸಿಆರ್ ಪರೀಕ್ಷೆಯು ತೋರಿಸುವುದಾದರೂ ವೈರಾಣುವಿನ ಆರ್‌ಎನ್‌ಎ ಅಂಶವನ್ನೇ. ಅದು ಇನ್ನೂ ಸೋಂಕಬಲ್ಲುದೇ ಎಂಬುದನ್ನಲ್ಲ. ಹೀಗಿದ್ದರೂ ಸಂಬಂಧಿಕರು ಮುಟ್ಟಲಂಜಿದ ಚರ್ಮಕ್ಕಿಂತ ಮೂಗು ಬಾಯಿಗಳ ಸ್ರಾವದಲ್ಲಿಯೇ ಅಪಾಯವು ಹೆಚ್ಚೆಂಬ ಪಕ್ಷಕ್ಕೆ ಇದರಿಂದ ಬಲವು ದೊರೆಯಿತು.