ಕೊಪ್ಪಳ ಸೀಮೆಯ ಆಹಾರಚರಿತ್ರೆಯೂ ಸ್ವಲೀನ ಮಕ್ಕಳ ಪಥ್ಯವಿಚಾರವೂ

ಪಥ್ಯವೆಂಬ ಶಬ್ದವು ‘ಪಥ’ದಿಂದ ಹುಟ್ಟಿದುದು, ದಾರಿಗೆ ಹಿತವಾದುದು ಎಂಬುದೇ ಅದರ ಮೂಲಾರ್ಥವು. ಆದರೆ ನಮ್ಮ ಬಳಕೆಯಲ್ಲಿ ‘ಪಥ್ಯ ಮಾಡುವುದು’ ಎಂದರೆ ಏನನ್ನಾದರೂ ತಿನ್ನದೆ ಬಿಡುವುದು ಎಂಬ ಅರ್ಥವೇ ಮುಂದಾಗಿ ನಿಂತಿದೆ. ಕೊರತೆಯಾದುದನ್ನು ಊಟಕ್ಕೆ ಸೇರಿಸುವುದೂ ಪಥ್ಯವೇ ಎಂಬುದು ಹಿಂದೆ ಸರಿದಿದೆ. ಈ ಅರ್ಥಸಂಕೋಚವು ಕೇವಲ ನಿಘಂಟುಕಾರರ ಚಿಂತೆಯಲ್ಲ. ಸ್ವಲೀನತೆ ಅಥವಾ ಆಟಿಸಂ ಎಂದು ಕರೆಯಲ್ಪಡುವ ಮನೋವಿಕಾಸದ ಭೇದವುಳ್ಳ ಮಕ್ಕಳಿಗೆ ಗೋಧಿಯನ್ನೂ ಹಾಲನ್ನೂ ಬಿಡಿಸಬೇಕೆಂಬ ಉಪದೇಶವು ಈಗ ನಮ್ಮ ಊರುಗಳಿಗೂ ಬಂದು ಮುಟ್ಟಿರುವುದರಿಂದ, ಆ ಉಪದೇಶವು ಎಲ್ಲಿ ಹುಟ್ಟಿತು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಊಟಕ್ಕೆ ಅದು ಎಷ್ಟರಮಟ್ಟಿಗೆ ಹೊಂದುವುದು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ಸೀಮೆಯ ಅನ್ನದ ಸಂಗತಿ. ಅಕ್ಕಿಗೂ ರಾಗಿಗೂ ನಡೆದ ವಾದವನ್ನು ಕನಕದಾಸರ ‘ರಾಮಧಾನ್ಯಚರಿತೆ’ಯಿಂದ ವಾಚಕರು ಬಲ್ಲರು. ಈ ನಾಲ್ಕು ತಾಲ್ಲೂಕುಗಳಲ್ಲಿ ಅಂತಹ ವಾದವೇನಾದರೂ ನಡೆದರೆ ಅದು ಅಕ್ಕಿಗೂ ಜೋಳಕ್ಕೂ ನಡೆಯಬೇಕು. ಕುಷ್ಟಗಿ, ಯಲಬುರ್ಗಾಗಳು ಮಳೆಯನ್ನೇ ನಂಬಿದ ನೆಲ. ಅಲ್ಲಿ ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ, ನುಚ್ಚು, ಪುಂಡಿಪಲ್ಯ, ಹುರಳಿ, ಅಗಸಿಯ ಹಿಂಡಿ, ಮಜ್ಜಿಗೆ ಇವು ಪರಂಪರೆಯ ಊಟ. ಗಂಗಾವತಿಯ ಆನೆಗೊಂದಿಯ ಸುತ್ತ ವಿಜಯನಗರದ ಕಾಲದ ಕಾಲುವೆಗಳಿಂದ ಭತ್ತವು ಬೆಳೆಯುತ್ತಿದ್ದಿತಾದರೂ, 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿದ ಮೇಲೆಯೇ ಆ ತಾಲ್ಲೂಕು ಭತ್ತದ ಕಣಜವೆಂದು ಹೆಸರಾಯಿತು. 2013ರ ಅನ್ನಭಾಗ್ಯ ಯೋಜನೆಯಿಂದ ಅಕ್ಕಿಯು ಒಣಬೇಸಾಯದ ಮನೆಗಳಲ್ಲಿಯೂ ನಿತ್ಯದ ವಸ್ತುವಾಯಿತು. ಗೋಧಿಯಾದರೋ ಇಲ್ಲಿ ಬಹುಕಾಲ ಹುಗ್ಗಿ, ಹೋಳಿಗೆಗಳ ರೂಪದಲ್ಲಿ ಹಬ್ಬದ ಧಾನ್ಯವಾಗಿಯೇ ಇದ್ದಿತು. ಜೋಳ, ಸಜ್ಜೆ, ಅಕ್ಕಿ ಈ ಮೂರರಲ್ಲಿಯೂ ಗೋಧಿಯ ಅಂಟುಸತ್ತ್ವವಾದ ಗ್ಲುಟೆನ್ ಇಲ್ಲವೆಂಬುದನ್ನು ಇಲ್ಲಿಯೇ ಗಮನಿಸತಕ್ಕುದು.

ಇನ್ನು ಉಪದೇಶದ ಮೂಲ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ವೈದ್ಯನು ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಸ್ವಲೀನತೆಗೆ ಪ್ರತ್ಯೇಕ ಸ್ಥಾನವನ್ನು ಕಲ್ಪಿಸಿದನು. ಅವರಲ್ಲಿ ಹಲವರು ಶೈಶವದಲ್ಲಿಯೇ ಊಟಕ್ಕೆ ಪ್ರತಿಭಟಿಸುತ್ತಿದ್ದರೆಂದು ಅವನೇ ಗುರುತಿಸಿದ್ದನು. ಅದೇ ದಶಕದಲ್ಲಿ ಹಾಲೆಂಡಿನ ವಿಲ್ಲೆಮ್ ಡಿಕ್ಕೆಯು ಸೀಲಿಯಾಕ್ ಎಂಬ ಕರುಳಿನ ಬೇನೆಗೆ ಗೋಧಿಯೇ ಕಾರಣವೆಂದು ಕಂಡುಕೊಂಡು 1950ರಲ್ಲಿ ಪ್ರಬಂಧವನ್ನು ಬರೆದನು. ಕರುಳಿನ ವಿಷಯದಲ್ಲಿ ಸಿದ್ಧವಾದ ಈ ಸಂಗತಿಯನ್ನು ಮನಸ್ಸಿನ ವಿಷಯಕ್ಕೂ ಹಬ್ಬಿಸಿದವರು ಅನಂತರದವರು. 1966ರಲ್ಲಿ ಡೋಹನ್ ಎಂಬಾತನು ಸ್ಕಿಜೋಫ್ರೀನಿಯಾಕ್ಕೂ ಗೋಧಿಗೂ ಸಂಬಂಧವನ್ನು ಊಹಿಸಿದನು. 1979ರಲ್ಲಿ ಪ್ಯಾಂಕ್ಸೆಪ್ ಸ್ವಲೀನತೆಗೂ ಮಿದುಳಿನ ಅಫೀಮುಸದೃಶ ದ್ರವ್ಯಗಳಿಗೂ ನಂಟನ್ನು ಕಲ್ಪಿಸಿದನು. ನಾರ್ವೆಯ ರೈಖೆಲ್ಟ್ ಮೊದಲಾದವರು ಇವೆರಡನ್ನೂ ಬೆಸೆದು, ಗೋಧಿಯ ಗ್ಲುಟೆನ್ನೂ ಹಾಲಿನ ಕೇಸೀನೂ ಸರಿಯಾಗಿ ಜೀರ್ಣವಾಗದೆ ಅಂತಹ ದ್ರವ್ಯಗಳಾಗುವುವೆಂದು ವಾದಿಸಿದರು. ರೊಟ್ಟಿಯೆಂದರೆ ಗೋಧಿಯ ರೊಟ್ಟಿ, ಪಾನವೆಂದರೆ ಹಾಲು ಎಂದಿರುವ ನಾಡುಗಳಲ್ಲಿ ಈ ವಾದವು ಹುಟ್ಟಿತೆಂಬುದು ಆಕಸ್ಮಿಕವಲ್ಲ.

ವಾದವನ್ನು ಪರೀಕ್ಷಿಸಿದವರೂ ಉಂಟು. 2002ರಲ್ಲಿ ನಾರ್ವೆಯ ಕ್ನಿವ್ಸ್‌ಬರ್ಗ್ ಮೊದಲಾದವರು ಇಪ್ಪತ್ತು ಮಕ್ಕಳಲ್ಲಿ ಒಂದು ವರ್ಷ ನಡೆಸಿದ ಪ್ರಯೋಗದಲ್ಲಿ ಪಥ್ಯ ಮಾಡಿದವರಿಗೆ ಗುಣ ಕಂಡಿತೆಂದು ವರದಿಯಾಯಿತು. ಆದರೆ ತಮ್ಮ ಮಗುವು ಯಾವ ಗುಂಪಿನದೆಂಬುದು ತಂದೆತಾಯಿಗಳಿಗೆ ತಿಳಿದಿದ್ದಿತು. 2006ರಲ್ಲಿ ಅಮೆರಿಕದಲ್ಲಿ ಹದಿನೈದು ಮಕ್ಕಳಲ್ಲಿ, ಯಾರಿಗೂ ತಿಳಿಯದಂತೆ ಆಹಾರವನ್ನು ಬದಲಿಸಿ ನೋಡಿದಾಗ ಗಣನೀಯವಾದ ಭೇದವು ಕಾಣಲಿಲ್ಲ. 2016ರಲ್ಲಿ ಹದಿನಾಲ್ಕು ಮಕ್ಕಳ ಮೇಲೆ ಪ್ರಕಟವಾದ ಅಂತಹುದೇ ಪರೀಕ್ಷೆಯ ಫಲವೂ ಹಾಗೆಯೇ. ಇಂಗ್ಲೆಂಡಿನ ರಾಷ್ಟ್ರೀಯ ವೈದ್ಯಮಾರ್ಗಸೂಚಿಯು 2013ರಲ್ಲಿ, ಸ್ವಲೀನತೆಯ ಮುಖ್ಯ ಲಕ್ಷಣಗಳಿಗಾಗಿ ಆಹಾರವನ್ನು ವರ್ಜಿಸುವ ಪಥ್ಯವನ್ನು ಪ್ರಯೋಗಿಸಕೂಡದೆಂದು ವಿಧಿಸಿತು. ಬಿ6 ಜೀವಸತ್ತ್ವವನ್ನೂ ಮೆಗ್ನೀಸಿಯಮ್ಮನ್ನೂ ಹೆಚ್ಚಿನ ಪ್ರಮಾಣದಲ್ಲಿ ಕೊಡುವ ಪದ್ಧತಿಯು ರಿಮ್ಲಂಡನ ಕಾಲದಿಂದ ಪ್ರಸಿದ್ಧವಾದರೂ, 2005ರ ಕಾಕ್ರೇನ್ ಪರಿಶೀಲನೆಯು ಅದನ್ನು ಶಿಫಾರಸು ಮಾಡುವಷ್ಟು ಪ್ರಮಾಣವನ್ನು ಕಾಣಲಿಲ್ಲ.

ಹೀಗಿರುವಲ್ಲಿ ವರ್ಜನೆಯಿಂದ ನಷ್ಟವೇನು ಎಂಬ ಪ್ರಶ್ನೆಯು ಉಳಿಯುತ್ತದೆ. ಸ್ವಲೀನ ಮಕ್ಕಳಲ್ಲಿ ಅನೇಕರು ಬಣ್ಣ, ವಾಸನೆ, ಮೆದುತನಗಳನ್ನು ಹಿಡಿದು ಕೆಲವೇ ಪದಾರ್ಥಗಳನ್ನು ತಿನ್ನತಕ್ಕವರು. ಊಟದ ತೊಡಕುಗಳು ಇವರಲ್ಲಿ ಬಹಳ ಹೆಚ್ಚು, ಸುಣ್ಣದ ಅಂಶವೂ ಸಸಾರಜನಕವೂ ಇವರ ಊಟದಲ್ಲಿ ಕಡಮೆ ಎಂಬುದನ್ನು 2013ರ ಒಂದು ಸಮಗ್ರ ವಿಶ್ಲೇಷಣೆಯು ತೋರಿಸಿತು. ಅಮೆರಿಕದಲ್ಲಿ 75 ಮಂದಿ ಹುಡುಗರ ಕೈಯೆಲುಬುಗಳನ್ನು ಅಳೆದು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲುಬಿನ ದಪ್ಪವು ಕಡಮೆಯಾಗಿದ್ದು, ಹಾಲನ್ನು ಬಿಟ್ಟವರಲ್ಲಿ ಇನ್ನೂ ಕಡಮೆಯಾಗಿದ್ದಿತು. ನಾಲ್ಕೇ ಪದಾರ್ಥಗಳನ್ನು ತಿನ್ನುವ ಮಗುವಿನಿಂದ ಒಂದನ್ನು ಕಿತ್ತುಕೊಂಡರೆ ಉಳಿಯುವುದು ಮೂರೇ ಎಂಬ ಸರಳ ಲೆಕ್ಕವನ್ನು ಮರೆಯಲಾಗದು.

ಈ ಲೆಕ್ಕವನ್ನು ನಮ್ಮ ಸೀಮೆಗೆ ತಂದು ನೋಡಿದರೆ ಪಥ್ಯದ ಎರಡು ಭಾಗಗಳೂ ಬೇರೆಯಾಗಿ ಕಾಣುತ್ತವೆ. ಜೋಳದ ರೊಟ್ಟಿಯ ಮನೆಯಲ್ಲಿ ಗೋಧಿಯ ವರ್ಜನೆಯು ಬಹುಮಟ್ಟಿಗೆ ಅಂಗಡಿಯ ಬಿಸ್ಕತ್ತು, ಬ್ರೆಡ್ಡುಗಳ ವರ್ಜನೆಯಷ್ಟೇ. ಅದರಿಂದ ಹಾನಿಯು ಸ್ವಲ್ಪ, ಸಿದ್ಧವಾದ ಲಾಭವೂ ಇಲ್ಲ. ಹಾಲು, ಮಜ್ಜಿಗೆಗಳ ವರ್ಜನೆಯಾದರೋ ಸುಣ್ಣಾಂಶದ ಮುಖ್ಯ ಆಸರೆಯನ್ನೇ ಕೀಳುವುದು. ಹಾಗೆಂದು ಜೋಳವನ್ನು ಅಮೃತವೆಂದು ಹೊಗಳುವುದೂ ಚರಿತ್ರೆಗೆ ಸಲ್ಲದು. ದಖ್ಖಣದಲ್ಲಿ ಜೋಳವೊಂದನ್ನೇ ನಂಬಿದ ಬಡವರಲ್ಲಿ ಪೆಲಗ್ರವೆಂಬ ಕೊರತೆಯ ರೋಗವು ಕಾಣುವುದನ್ನು ಗೋಪಾಲನ್ ಮತ್ತು ಶ್ರೀಕಂಠಯ್ಯ ಎಂಬ ವಿಜ್ಞಾನಿಗಳು 1960ರಲ್ಲಿ ವಿವೇಚಿಸಿದರು. ಧಾನ್ಯವು ಯಾವುದಾದರೂ ಅದರ ಜೊತೆಗೆ ಬೇಳೆ, ಸೊಪ್ಪು, ಹಾಲು, ಮೊಟ್ಟೆಗಳು ಸೇರಬೇಕೆಂಬುದೇ ಅದರ ಪಾಠವು. ಅಗಸಿಯ ಹಿಂಡಿಯಲ್ಲಿ ಒಮೆಗಾ-3 ವರ್ಗದ ಕೊಬ್ಬಿದೆಯೆಂಬುದು ನಿಜ. ಆದರೆ ಮೀನೆಣ್ಣೆಯಲ್ಲಿರುವ ರೂಪಕ್ಕೆ ಅದು ದೇಹದಲ್ಲಿ ಅತ್ಯಲ್ಪವಾಗಿ ಮಾತ್ರ ಮಾರ್ಪಡುವುದರಿಂದ ಅದನ್ನು ಊಟವೆಂದು ಬಗೆಯಬೇಕೇ ಹೊರತು ಔಷಧವೆಂದಲ್ಲ.

ಈ ಸೀಮೆಯ ಸಾರ್ವಜನಿಕ ಚರಿತ್ರೆಯೂ ಸೇರಿಸುವ ಚರಿತ್ರೆಯೇ ಆಗಿದೆ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟವು ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂದಿತು. 2021ರ ಡಿಸೆಂಬರಿನಲ್ಲಿ ಕೊಪ್ಪಳವೂ ಸೇರಿದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬೇಯಿಸಿದ ಮೊಟ್ಟೆಯನ್ನು ಕೊಡಲಾರಂಭಿಸಿದಾಗ ಕೆಲವು ಮಠಾಧೀಶರಿಂದ ವಿರೋಧವು ಬಂದಿತು. ತಮಗೆ ಮೊಟ್ಟೆ ಬೇಕೆಂದು ಗಂಗಾವತಿಯ ಶಾಲಾಬಾಲಕಿಯೊಬ್ಬಳು ಆಡಿದ ಮಾತು ನಾಡಿನಲ್ಲೆಲ್ಲ ಹಬ್ಬಿತು. ಮೊಟ್ಟೆಯೊಲ್ಲದವರಿಗೆ ಬಾಳೆಹಣ್ಣೆಂಬ ಆಯ್ಕೆಯು ಆ ಆಜ್ಞೆಯಲ್ಲಿಯೇ ಇದ್ದಿತು. ಆಚಾರಭೇದಕ್ಕಾಗಿ ಮಾಡಿದ ಈ ಏರ್ಪಾಡು, ಮೊಟ್ಟೆಯ ವಾಸನೆಯನ್ನು ತಾಳಲಾರದ ಸ್ವಲೀನ ಬಾಲಕನಿಗೂ ಒದಗತಕ್ಕುದಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸ್ವಲೀನತೆಯನ್ನು ಹೆಸರಿಸಿ ಗಣಿಸಿರುವುದರಿಂದ, ಅಂತಹ ಬಾಲಕನ ತಟ್ಟೆಯನ್ನು ನೋಡಿ ಬಡಿಸುವುದು ಶಾಲೆಯ ದಯೆಯಲ್ಲ, ಕರ್ತವ್ಯವು.

ಆದುದರಿಂದ ಮೊದಲು ಮಾಡತಕ್ಕುದು ಮಗುವು ಏನನ್ನು ತಿನ್ನುತ್ತದೆಂಬುದನ್ನು ಬರೆದಿಡುವುದು. ಎರಡನೆಯದು ತೂಕ, ರಕ್ತದ ಕಬ್ಬಿಣಾಂಶಗಳನ್ನು ವೈದ್ಯರಿಂದ ಪರೀಕ್ಷಿಸಿ, ಕೊರತೆ ಕಂಡುದನ್ನು ಮಾತ್ರ ಸೇರಿಸುವುದು. ಸೀಲಿಯಾಕ್ ಬೇನೆಯೋ ಹಾಲಿನ ಒಗ್ಗದಿಕೆಯೋ ಸಿದ್ಧವಾದಲ್ಲಿ ವರ್ಜನೆಯು ಅವಶ್ಯವೇ ಸರಿ. ಆದರೆ ಪರೀಕ್ಷೆಗೆ ಮೊದಲೇ ಗೋಧಿಯನ್ನು ಬಿಡಿಸಿದರೆ ಸೀಲಿಯಾಕ್ ಇದ್ದರೂ ಪರೀಕ್ಷೆಯಲ್ಲಿ ಮರೆಯಾಗಬಹುದು. ಪಥ್ಯವು ಆಯಾ ನಾಡಿನ ಊಟದಿಂದ ಹುಟ್ಟತಕ್ಕುದು. ಅನ್ಯರ ಊಟದಿಂದ ಹುಟ್ಟಿದ ಪಥ್ಯವನ್ನು ನಮ್ಮ ಮಕ್ಕಳ ತಟ್ಟೆಗೆ ತರುವ ಮುನ್ನ ಆ ತಟ್ಟೆಯಲ್ಲಿ ಏನಿದೆಯೆಂದು ನೋಡುವುದು ವಿವೇಕವು.