ಬೆನ್ಸನ್ ಟೌನಿಗೆ ಬಂದ ಲಂಗರು ರಾಟೆ

ಸಮುದ್ರಮಟ್ಟಕ್ಕಿಂತ 3000 ಅಡಿ ಎತ್ತರದಲ್ಲಿರುವ, ಹತ್ತಿರದ ಕಡಲಿಗೂ ಒಂದು ರಾತ್ರಿಯ ಪ್ರಯಾಣವಿರುವ ಊರಿನಲ್ಲಿ ಕುಳಿತು ಲಂಗರಿನ ವಿಷಯ ಮಾತನಾಡಹೊರಟರೆ ನಗುವವರು ನಗಬಹುದು. ಬೆಂಗಳೂರು ದಂಡಿನವರಿಗೆ ದೋಣಿಯೆಂದರೆ ಹಲಸೂರು ಕೆರೆಯ ದೋಣಿ. ಆದರೆ ಆ ಕೆರೆಯ ಮಗ್ಗುಲಲ್ಲೇ ಮದ್ರಾಸ್ ಸ್ಯಾಪರ್ಸ್ ದಳದ ನೆಲೆಯಿದೆ. ನಮ್ಮ ಸೇನೆಯ ಇಂಜಿನಿಯರುಗಳು ‘ತೃಷ್ಣಾ’ ಎಂಬ 37 ಅಡಿಯ ಹಾಯಿದೋಣಿಯಲ್ಲಿ 1985ರಲ್ಲಿ ಹೊರಟು, ಭೂಮಂಡಲವನ್ನು ಸುತ್ತಿ, 1987ರಲ್ಲಿ ಮರಳಿದರು. ಆದ್ದರಿಂದ ಕಡಲಿಗೂ ನಮಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ.

ನಾನು ಹೇಳಹೊರಟ ಯಂತ್ರ ಬೆನ್ಸನ್ ಟೌನಿನಲ್ಲಿ ನಮ್ಮ ನೆರೆಮನೆಯ ಜಗಲಿಗೆ ಬಂದದ್ದು ಗೋಣಿಚೀಲದಲ್ಲಿ. ನೆರೆಯವರು ಸರಕು ಹಡಗುಗಳ ಯಂತ್ರಕೋಣೆಯಲ್ಲಿ ಮೂವತ್ತು ವರ್ಷ ಬೆವರು ಸುರಿಸಿ ನಿವೃತ್ತರಾದವರು. ಅವರ ಸೋದರಳಿಯ ಗೋವೆಯಲ್ಲಿ ಹಳೆಯದೊಂದು ಹಾಯಿದೋಣಿಯನ್ನು ಕೊಂಡಿದ್ದ. ವ್ಯಾಪಾರಕ್ಕಲ್ಲ, ಮೀನಿಗೂ ಅಲ್ಲ, ವಿಹಾರಕ್ಕೆ. ಕಾರವಾರದ ಕೂರ್ಮಗಡದ ಬಳಿ ಲಂಗರು ಹಾಕಿ ಮಲಗಿದ್ದ ರಾತ್ರಿ ಗಾಳಿ ದಿಕ್ಕು ಬದಲಿಸಿ ದೋಣಿಯನ್ನು ಬಂಡೆಗಳತ್ತ ತಳ್ಳತೊಡಗಿತು. ಲಂಗರನ್ನೆತ್ತಿ ಆಚೆ ಸರಿಯಬೇಕು. ಎತ್ತುವ ವಿದ್ಯುತ್ ಯಂತ್ರ ಒಮ್ಮೆ ಗುರುಗುಟ್ಟಿ ನಿಂತಿತು. ಇಬ್ಬರು ಗೆಳೆಯರು ಬರಿಗೈಯಲ್ಲಿ ಸರಪಳಿ ಎಳೆದರು. ಅವರು ಎಳೆದುಕೊಂಡದ್ದನ್ನು ಮುಂದಿನ ಅಲೆ ಕಸಿದುಕೊಂಡಿತು. ಕಡೆಗೆ ಲಂಗರನ್ನೂ ಸರಪಳಿಯನ್ನೂ ಕಡಲಿಗೇ ಬಿಟ್ಟುಕೊಟ್ಟು ದೋಣಿಯನ್ನು ಉಳಿಸಿಕೊಂಡರು. ಅಳಿಯನ ಬಲಗೈಯ ಎರಡು ಬೆರಳುಗಳು ಮಾತ್ರ ಸರಪಳಿಗೂ ಯಂತ್ರಕ್ಕೂ ನಡುವೆ ಸಿಕ್ಕಿ ನಜ್ಜುಗುಜ್ಜಾಗಿದ್ದವು.

ಇಂಗ್ಲಿಷಿನವರು ಇದನ್ನು ವಿಂಡ್‌ಲಸ್ ಎನ್ನುತ್ತಾರೆ. ನಾನು ಲಂಗರು ರಾಟೆಯೆಂದು ಕರೆಯುತ್ತೇನೆ, ಬಾವಿಯ ರಾಟೆಯಿಂದ ಇದು ಬೇರೆ ಎಂಬ ತಿಳಿವಿನೊಡನೆ. ನಮ್ಮ ಮನೆಯ ಹಿತ್ತಲಲ್ಲಿ ಸೇದುವ ಬಾವಿಯೊಂದಿತ್ತು. ಕೊಡ ಕಳಚಿ ಬಿದ್ದರೆ ನಾಲ್ಕಾರು ಕೊಕ್ಕೆಗಳ ಪಾತಾಳಗರಡಿಯನ್ನು ಇಳಿಬಿಟ್ಟು ತಡಕುತ್ತಿದ್ದೆವು. ಚಿಕ್ಕ ದೋಣಿಗಳ ಕೊಕ್ಕೆಲಂಗರನ್ನು ಮೊದಲ ಬಾರಿ ಕಂಡಾಗ ನನಗೆ ಅದು ಅಡುಗೆಮನೆಯ ಹಿಂದಿನ ಪಾತಾಳಗರಡಿಯೇ ಆಗಿ ತೋರಿತು. ಆದರೆ ಬಾವಿಯ ರಾಟೆ ಭಾರವನ್ನು ಕಿಂಚಿತ್ತೂ ಕಡಿಮೆ ಮಾಡುವುದಿಲ್ಲ. ಎಳೆಯುವ ದಿಕ್ಕನ್ನು ಬದಲಿಸುತ್ತದೆ, ಅಷ್ಟೆ. ಕೈ ಸೋತು ಹಗ್ಗ ಬಿಟ್ಟರೆ ಕೊಡ ಪಾತಾಳಕ್ಕೆ. ಲಂಗರು ರಾಟೆಯ ಹಗ್ಗವಾದರೋ ಒಂದು ದಿಂಡಿಗೆ ಸುತ್ತಿಕೊಳ್ಳುತ್ತದೆ. ದಿಂಡಿನ ರಂಧ್ರಗಳಿಗೆ ಗಳು ತೂರಿಸಿ ತಿರುಗಿಸಬೇಕು. ಮೂರಡಿಯ ಗಳು, ಅರ್ಧ ಅಡಿ ತ್ರಿಜ್ಯದ ದಿಂಡು ಎಂದಿಟ್ಟುಕೊಂಡರೆ, ಘರ್ಷಣೆಯನ್ನು ಕಳೆಯದೆ ಹೇಳುವುದಾದರೆ, ಒಬ್ಬನ ಬಲ ಆರರಷ್ಟಾಗುತ್ತದೆ. ಇದಕ್ಕಿಂತ ದೊಡ್ಡ ಉಪಾಯ ಮತ್ತೊಂದಿದೆ: ದಿಂಡು ಹಿಂದಕ್ಕೆ ಉರುಳದಂತೆ ಹಲ್ಲುಗಳ ನಡುವೆ ಬಿದ್ದು ಕೂರುವ ಕಬ್ಬಿಣದ ಪುಟ್ಟ ನಾಲಗೆ. ಎಳೆಯುವವನು ಗಳುವನ್ನು ತೆಗೆದು ಇನ್ನೊಂದು ರಂಧ್ರಕ್ಕೆ ಹಾಕುವಾಗ, ಬೆವರೊರೆಸಿಕೊಳ್ಳುವಾಗ, ಅಲೆಯ ಜಗ್ಗಾಟವನ್ನು ಆ ನಾಲಗೆ ಹೊರುತ್ತದೆ. ಗಳಿಸಿದ ಅಂಗುಲ ಗಳಿಸಿದಂತೆಯೇ ಉಳಿಯುತ್ತದೆ.

ಹಾಯಿಯ ಕಾಲದಲ್ಲಿ ಯುದ್ಧನೌಕೆಗಳು ನಿಂತ ದಿಂಡನ್ನು, ಎಂದರೆ ಕ್ಯಾಪ್‌ಸ್ಟನ್ನನ್ನು, ಇಟ್ಟುಕೊಂಡವು. ಸುತ್ತಲೂ ನಡೆದು ತಳ್ಳಲು ಅಲ್ಲಿ ನೂರಾರು ಆಳುಗಳಿದ್ದರು. ಆಳಿನ ಕೂಲಿಯನ್ನು ಎಣಿಸಬೇಕಾದ ವ್ಯಾಪಾರಿ ಹಡಗುಗಳು ಅಡ್ಡ ದಿಂಡನ್ನು ಮೆಚ್ಚಿದವು. ನಮ್ಮ ಕರಾವಳಿಯವರು ‘ಐಲೇಸಾ’ ಎಂದು ಕೂಗಿ ಎಳೆಯುವಂತೆ ಪಾಶ್ಚಾತ್ಯ ನಾವಿಕರೂ ಲಂಗರೆತ್ತಲೆಂದೇ ಪದಗಳನ್ನು ಕಟ್ಟಿಕೊಂಡಿದ್ದರು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸೆಣಬಿನ ಹಗ್ಗದ ಸ್ಥಾನಕ್ಕೆ ಕಬ್ಬಿಣದ ಸರಪಳಿ ಬಂತು. ಸರಪಳಿಯ ಕೊಂಡಿಗಳು ಒಂದೊಂದಾಗಿ ಕೂರುವಂತೆ ಕುಳಿ ತೆಗೆದ ಚಕ್ರ ಅದರ ಹಿಂದೆಯೇ ಬಂತು. ಬೋರ್‌ವೆಲ್ ಪಂಪಿನಂತೆ ಹಿಡಿಯನ್ನು ಮೇಲೆ ಕೆಳಗೆ ಆಡಿಸುವ ರಾಟೆ, ಆಮೇಲೆ ಉಗಿಯದು, ಆಮೇಲೆ ವಿದ್ಯುತ್ತಿನದು. ಹೀಗೆ ತಿರುಗಿಸುವ ಬಲ ಬದಲಾಗುತ್ತ ಹೋಯಿತು, ನಾಲಗೆ ಬದಲಾಗಲಿಲ್ಲ.

ಗೋಣಿಚೀಲದಿಂದ ಹೊರಬಂದ ರಾಟೆಯಲ್ಲಿ ಇಲ್ಲದಿದ್ದುದು ಅದೊಂದೇ. ಮೂಲತಃ ಕೈಯಿಂದ ತಿರುಗಿಸುವ ಯಂತ್ರಕ್ಕೆ ಹಿಂದಿನ ಮಾಲೀಕರಾರೋ ಮೋಟಾರು ಕೂರಿಸಿ, ಇನ್ನೇಕೆಂದು ನಾಲಗೆಯನ್ನು ಕಿತ್ತು, ಹಿಡಿ ಸಿಕ್ಕಿಸುವ ತೂತನ್ನು ಬೆಸುಗೆ ಹಾಕಿ ಮುಚ್ಚಿದ್ದರು. ಸುಧಾರಣೆ ಎಂಬ ಮಾತಿಗೆ ನಮ್ಮಲ್ಲಿ ಎಷ್ಟೋ ಸಲ ಇದೇ ಅರ್ಥ! ಉಳಿದ ರೋಗಗಳೂ ಇದ್ದವು. ಅಲ್ಯುಮಿನಿಯಮ್ ಕವಚದೊಳಗೆ ಉಕ್ಕಿನ ದಂಡ. ಉಪ್ಪುನೀರಿನಲ್ಲಿ ಎರಡು ಲೋಹಗಳು ಸೇರಿದರೆ ಅದು ಬ್ಯಾಟರಿಯೇ ಆಗುತ್ತದೆ. ಅಲ್ಯುಮಿನಿಯಮ್ ಬಿಳಿಯ ಪುಡಿಯಾಗಿ ಕರಗಿ ದಂಡವನ್ನು ಕಚ್ಚಿಹಿಡಿದಿತ್ತು. ನೆರೆಯವರು ಸೀಮೆಎಣ್ಣೆ ಹನಿಸಿ, ಬಿಸಿ ತೋರಿಸಿ, ಮರದ ಕೊಡತಿಯಿಂದ ತಟ್ಟಿ, ನಾಲ್ಕು ದಿನ ಕಾದು ಅದನ್ನು ಬಿಡಿಸಿದರು. ಚಕ್ರದ ಕುಳಿಗೂ ಸರಪಳಿಯ ಕೊಂಡಿಗೂ ಹೊಂದಿಕೆಯೇ ಇರಲಿಲ್ಲ. ಹೊಸ ಸರಪಳಿಯ ತುಂಡನ್ನು ತರಿಸಿ, ಅದರ ಅಳತೆಗೆ ಬೇರೆ ಚಕ್ರವನ್ನು ಹುಡುಕಿಸಿದರು. ತಂತಿಯ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದರು. 12 ವೋಲ್ಟಿನ ಬ್ಯಾಟರಿಯಿಂದ 1000 ವ್ಯಾಟಿನ ಮೋಟಾರು ನಡೆಯಬೇಕಾದರೆ 80 ಆಂಪಿಯರಿಗೂ ಹೆಚ್ಚು ವಿದ್ಯುತ್ತು ಹರಿಯಬೇಕು. ದೋಣಿಯ ನಡುವಿನಿಂದ ಮೂತಿಯವರೆಗೆ ಹೋಗಿ ಬರುವ ತಂತಿ ಸಣ್ಣದಾದರೆ ಬಲವೆಲ್ಲ ದಾರಿಯಲ್ಲೇ ಬಿಸಿಯಾಗಿ ಸೋರುತ್ತದೆ. ಆ ರಾತ್ರಿ ಮೋಟಾರು ಬರಿದೆ ಗುರುಗುಟ್ಟಿದ್ದರ ಗುಟ್ಟು ಅದೇ.

ಅಳಿಯ ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಬಂದು ಕುಳಿತಿದ್ದ. “ನಾಲಗೆ, ಹಿಡಿ ಇವೆಲ್ಲ ಯಾಕೆ ಮಾವ? ಎರಡರಷ್ಟು ದೊಡ್ಡ ಮೋಟಾರು ಹಾಕಿಬಿಡಿ” ಎಂದ.

“ಹಾಕೋಣ ಕಣಯ್ಯ. ಅದು ನಿಂತಾಗ ಏನು ಮಾಡ್ತೀಯ, ಅಷ್ಟು ಹೇಳು” ಎಂದರು. ಅವನು ಉತ್ತರ ಕೊಡಲಿಲ್ಲ. ಆಗ ಅವರು ಪೆರುಮಣ್ಣಿನ ವಿಷಯ ತೆಗೆದರು.

ಬೆನ್ಸನ್ ಟೌನು ದಂಡು ರೈಲು ನಿಲ್ದಾಣಕ್ಕೆ ಹತ್ತಿರದ ಬಡಾವಣೆ. 1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂದು ಮುಟ್ಟಿದ ನಿಲ್ದಾಣವದು. ಕನ್ಯಾಕುಮಾರಿಗೆ ಹೋಗುವ ಐಲೆಂಡ್ ಎಕ್ಸ್‌ಪ್ರೆಸ್ ನಮ್ಮ ಈ ದಾರಿಯಾಗಿಯೇ ಹಾದುಹೋಗುತ್ತದೆ. ಹಿಂದೆ ಕೊಚ್ಚಿ ಬಂದರಿನ ವಿಲಿಂಗ್ಡನ್ ದ್ವೀಪದವರೆಗೆ ಓಡುತ್ತಿದ್ದುದರಿಂದ ಬಂದ ಹೆಸರು ಅದು. 1988ರ ಜುಲೈ 8ರ ಮಧ್ಯಾಹ್ನ, ಬೆಂಗಳೂರಿನಿಂದ ಹೊರಟಿದ್ದ ಆ ರೈಲು ಕೊಲ್ಲಂ ಸಮೀಪದ ಪೆರುಮಣ್ ಸೇತುವೆಯ ಮೇಲೆ ಹಳಿ ತಪ್ಪಿ, ಬೋಗಿಗಳು ಅಷ್ಟಮುಡಿ ಸರೋವರಕ್ಕೆ ಉರುಳಿದವು. 105 ಮಂದಿ ಸತ್ತರು. ಸುಂಟರಗಾಳಿಯೇ ಕಾರಣವೆಂದು ರೈಲ್ವೆಯ ತನಿಖೆ ಹೇಳಿತು. ಅದನ್ನು ನಂಬದವರು ಇಂದಿಗೂ ಇದ್ದಾರೆ.

ನೀರಿನಲ್ಲಿ ಹೂತ ಬೋಗಿಗಳನ್ನು ಎತ್ತಲು ನೆರವಾದವರು ಬೇಪೂರಿನ ಮಾಪಿಳ್ಳೆ ಖಲಾಸಿಗಳು. ಉರು ಎಂಬ ಮರದ ದೊಡ್ಡ ಹಡಗುಗಳನ್ನು ದಡದಿಂದ ನೀರಿಗಿಳಿಸುವುದು ತಲೆಮಾರುಗಳಿಂದ ಅವರ ಕಸುಬು. ಅವರ ಆಸ್ತಿಯೆಂದರೆ ಹಗ್ಗ, ಕಪ್ಪಿ, ಗಳು ಹಿಡಿದು ತಿರುಗಿಸುವ ಮರದ ದಿಂಡು. ಆ ದಿಂಡಿಗೆ ಅವರು ‘ದವರ್’ ಎನ್ನುತ್ತಾರೆ. ಕೂಗಿಗೆ ಕೂಗು ಸೇರಿಸಿ ಅಂಗುಲ ಅಂಗುಲವಾಗಿ ಎಳೆಯುವುದು ಅವರ ಕ್ರಮ. ಹೆಣಗಳಿಗಾಗಿ ದಡದಲ್ಲಿ ಕಾಯುತ್ತಿದ್ದವರ ಕಣ್ಣೆದುರಿಗೆ, ರೈಲಿನ ಬೋಗಿಯಂಥ ಭಾರ ಆ ಹಳೆಯ ವಿದ್ಯೆಗೆ ಮಣಿಯಿತು.

ನೆರೆಯವರು ಇದನ್ನು ಹೇಳಿದ್ದು ಯಂತ್ರದ ಮೇಲಿನ ಸಿಟ್ಟಿನಿಂದಲ್ಲ. ಮೂವತ್ತು ವರ್ಷ ಯಂತ್ರದ ಅನ್ನ ಉಂಡವರು ಅವರು. ಅಳಿಯನಿಗೆ ಮೋಟಾರೂ ಸಿಕ್ಕಿತು. ಶಿವಾಜಿನಗರದ ಲೇತ್ ಅಂಗಡಿಯ ವೃದ್ಧ ಸಾಹೇಬರೊಬ್ಬರು ಕಂಚಿನ ತುಂಡಿನಿಂದ ನಾಲಗೆಯನ್ನು ಕಡೆದುಕೊಟ್ಟರು. ಕಡಲನ್ನು ತಾವು ಕಂಡದ್ದು ಒಂದೇ ಸಲ, ಅದೂ ಮದರಾಸಿನಲ್ಲಿ ಎಂದು ನಕ್ಕರು. ಮುಚ್ಚಿದ್ದ ತೂತನ್ನು ಕೊರೆದು ತೆರೆದದ್ದೂ ಅವರೇ. ಲಂಗರು ಹಾಕಿದ ಮೇಲೆ ದೋಣಿಯ ಜಗ್ಗಾಟವನ್ನು ರಾಟೆಯ ಮೇಲೆ ಬಿಡದೆ, ಸರಪಳಿಗೆ ಕೊಕ್ಕೆಹಗ್ಗ ಹಾಕಿ ದೋಣಿಯ ಗೂಟಕ್ಕೆ ಬಿಗಿಯಬೇಕೆಂದೂ, ಎತ್ತುವಾಗ ಇಂಜಿನ್ನಿನಿಂದ ದೋಣಿಯನ್ನು ಲಂಗರಿನ ಬಳಿಗೆ ಒಯ್ದು ಸರಪಳಿ ಸಡಿಲಾದ ಮೇಲೆಯೇ ಗುಂಡಿ ಒತ್ತಬೇಕೆಂದೂ ನೆರೆಯವರು ಒಂದು ಹಾಳೆಯಲ್ಲಿ ಬರೆದಿಟ್ಟರು.

ಹೊರಡುವ ದಿನ ರಾಟೆಯನ್ನು ಜಗಲಿಯ ಕಂಬಕ್ಕೆ ಬಿಗಿದು, ನಮ್ಮ ಹಿತ್ತಲ ಬಾವಿಯ ಹಳೆಯ ಹಗ್ಗದ ತುದಿಗೆ ಎರಡು ಚೀಲ ಸಿಮೆಂಟು ಕಟ್ಟಿ ನೋಡಿದೆವು. ಅಳಿಯ ಎಡಗೈಯಿಂದಲೇ ಹಿಡಿ ತಿರುಗಿಸಿದ. ಚೀಲಗಳು ನೆಲ ಬಿಟ್ಟೆದ್ದವು. “ಈಗ ಕೈ ತೆಗಿ” ಎಂದರು ಮಾವ. ಅವನು ಒಂದು ಕ್ಷಣ ಅನುಮಾನಿಸಿ ತೆಗೆದ. ನಾಲಗೆ ಟಕ್ಕೆಂದು ಹಲ್ಲಿಗೆ ಬಿತ್ತು. ಚೀಲಗಳು ಅಲ್ಲೇ ತೂಗಾಡುತ್ತ ನಿಂತವು.