ಕಾರ್ಯಾಚರಣಾ ಗುತ್ತಿಗೆಯ ಲೆಕ್ಕಪತ್ರ

ಕಾರ್ಯಾಚರಣಾ ಗುತ್ತಿಗೆ ಎಂದರೆ, ಒಂದು ಸ್ವತ್ತಿನ ಒಡೆತನಕ್ಕೆ ಸೇರಿದ ಲಾಭ ಮತ್ತು ಅಪಾಯಗಳು ಬಹುಮಟ್ಟಿಗೆ ಮಾಲೀಕರಲ್ಲಿಯೇ ಉಳಿದು, ನಿಗದಿತ ಅವಧಿಗೆ ಅದನ್ನು ಬಳಸುವ ಹಕ್ಕು ಮಾತ್ರ ಬಾಡಿಗೆಗೆ ಪ್ರತಿಯಾಗಿ ಮತ್ತೊಬ್ಬರಿಗೆ ದೊರೆಯುವ ಒಪ್ಪಂದ. ವ್ಯವಹಾರದಲ್ಲಿ ಇದನ್ನು ಆಪರೇಟಿಂಗ್ ಲೀಸ್ ಎಂದು ಕರೆಯುತ್ತಾರೆ. ಕಚೇರಿ ಕಟ್ಟಡ, ಅಂಗಡಿ ಮಳಿಗೆ, ವಾಹನ, ವಿಮಾನ ಮೊದಲಾದವನ್ನು ಕಂಪನಿಗಳು ಹೀಗೆ ಪಡೆಯುತ್ತವೆ. ಮುಂದಿನ ವರ್ಷಗಳಲ್ಲಿ ತೆರಬೇಕಾದ ಬಾಡಿಗೆಯನ್ನು ಇಂದೇ ಸಾಲವೆಂದು ತೋರಿಸಬೇಕೇ ಎಂಬುದು ಇದರ ಲೆಕ್ಕಪತ್ರದ ಮೂಲ ಪ್ರಶ್ನೆ. ಭಾರತದ ದೊಡ್ಡ ಕಂಪನಿಗಳ ಮಟ್ಟಿಗೆ 2019ರ ಏಪ್ರಿಲ್ 1ರಿಂದ ಇದಕ್ಕೆ ಉತ್ತರ 'ಹೌದು' ಎಂದಾಗಿದೆ.

ಪದದ ಅರ್ಥ

ಮೈಸೂರಿನ ಕೃಷ್ಣಮೂರ್ತಿಪುರಂನಂತಹ ಬಡಾವಣೆಗಳಲ್ಲಿ 'ಮನೆ ಲೀಸ್‌ಗೆ ಇದೆ' ಎಂದರೆ ಸಾಮಾನ್ಯವಾಗಿ ಭೋಗ್ಯ ಎಂದರ್ಥ. ಇದರಲ್ಲಿ ದೊಡ್ಡ ಮೊತ್ತವೊಂದನ್ನು ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸವಿದ್ದು, ಅವಧಿ ಮುಗಿದಾಗ ಆ ಮೊತ್ತವನ್ನು ಹಿಂದಕ್ಕೆ ಪಡೆಯಲಾಗುತ್ತದೆ. ಲೆಕ್ಕಪತ್ರ ಶಾಸ್ತ್ರದಲ್ಲಿ ಲೀಸ್ ಅಥವಾ ಗುತ್ತಿಗೆ ಎಂಬ ಪದದ ವ್ಯಾಪ್ತಿ ಇದಕ್ಕಿಂತ ಹಿರಿದು. ಪ್ರತಿಫಲ ಪಡೆದು ನಿರ್ದಿಷ್ಟ ಸ್ವತ್ತಿನ ಬಳಕೆಯ ಮೇಲಿನ ಹಿಡಿತವನ್ನು ಒಂದು ಅವಧಿಗೆ ಬಿಟ್ಟುಕೊಡುವ ಎಲ್ಲ ಒಪ್ಪಂದಗಳೂ ಗುತ್ತಿಗೆಗಳೇ. ತಿಂಗಳ ಬಾಡಿಗೆಯ ಕರಾರೂ ಇದರಲ್ಲಿ ಸೇರುತ್ತದೆ.

ಹಿಂದಿನ ಪದ್ಧತಿ

ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯು 2001ರಲ್ಲಿ ಎಎಸ್ 19 ಎಂಬ ಲೆಕ್ಕಪತ್ರ ಮಾನದಂಡವನ್ನು ಹೊರಡಿಸಿತು. ಅದು ಗುತ್ತಿಗೆಗಳನ್ನು ಎರಡಾಗಿ ವಿಂಗಡಿಸುತ್ತದೆ. ಒಡೆತನದ ಲಾಭ ಮತ್ತು ಅಪಾಯಗಳು ಬಹುಪಾಲು ಬಳಕೆದಾರರಿಗೆ ವರ್ಗವಾದರೆ ಅದು ಹಣಕಾಸು ಗುತ್ತಿಗೆ. ಉಳಿದವೆಲ್ಲ ಕಾರ್ಯಾಚರಣಾ ಗುತ್ತಿಗೆಗಳು. ಮೊದಲನೆಯದನ್ನು ಸಾಲ ಮಾಡಿ ಕೊಂಡ ಆಸ್ತಿಯಂತೆ ಅಢಾವೆ ಪತ್ರಿಕೆಯಲ್ಲಿ, ಅಂದರೆ ಬ್ಯಾಲೆನ್ಸ್ ಶೀಟ್‌ನಲ್ಲಿ, ತೋರಿಸಬೇಕು. ಎರಡನೆಯದರಲ್ಲಿ ಆಯಾ ವರ್ಷದ ಬಾಡಿಗೆಯನ್ನು ಲಾಭ-ನಷ್ಟದ ಪಟ್ಟಿಗೆ ವೆಚ್ಚವಾಗಿ ಬರೆದರೆ ಸಾಕು. ರದ್ದುಪಡಿಸಲಾಗದ ಕರಾರುಗಳ ಮುಂದಿನ ಬಾಡಿಗೆಯ ಮೊತ್ತ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಮಾತ್ರ ಕಾಣುತ್ತಿತ್ತು.

ಇದರ ಫಲವಾಗಿ, ಸಾಲ ಮಾಡಿ ವಿಮಾನ ಕೊಂಡ ಸಂಸ್ಥೆ ಹೆಚ್ಚು ಋಣದಲ್ಲಿರುವಂತೆಯೂ ಅಂತಹದೇ ವಿಮಾನವನ್ನು ಹಲವು ವರ್ಷಗಳ ಬಾಡಿಗೆಗೆ ಪಡೆದ ಸಂಸ್ಥೆ ಋಣಮುಕ್ತವಾಗಿರುವಂತೆಯೂ ತೋರುತ್ತಿತ್ತು. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಮಂಡಳಿಯ ಅಧ್ಯಕ್ಷರಾಗಿದ್ದ ಸರ್ ಡೇವಿಡ್ ಟ್ವೀಡಿ, ವಿಮಾನಯಾನ ಸಂಸ್ಥೆಯ ಅಢಾವೆ ಪತ್ರಿಕೆಯಲ್ಲಿ ನಿಜವಾಗಿ ನಮೂದಾಗಿರುವ ವಿಮಾನವೊಂದರಲ್ಲಿ ಸಾಯುವ ಮುನ್ನ ಪ್ರಯಾಣಿಸಬೇಕೆಂಬುದು ತಮ್ಮ ಆಸೆಯೆಂದು ವಿನೋದವಾಗಿ ಹೇಳಿದ್ದು ಪ್ರಸಿದ್ಧವಾಗಿದೆ. ಬಾಡಿಗೆಯ ಹೊಣೆ ಎಷ್ಟು ನಿಜವಾದುದು ಎಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಸಂಸ್ಥೆಯ ಹಲವು ವಿಮಾನಗಳು ಗುತ್ತಿಗೆಯವಾಗಿದ್ದವು. ಬಾಡಿಗೆ ಬಾಕಿ ಬೆಳೆದಾಗ ಮಾಲೀಕ ಕಂಪನಿಗಳು ವಿಮಾನಗಳನ್ನು ಹಿಂದಕ್ಕೆ ಪಡೆಯತೊಡಗಿದವು. 2012ರ ಅಕ್ಟೋಬರ್‌ನಲ್ಲಿ ಸಂಸ್ಥೆಯ ಹಾರಾಟವೇ ನಿಂತಿತು.

ಹೊಸ ಮಾನದಂಡ

ಅಂತರರಾಷ್ಟ್ರೀಯ ಮಂಡಳಿಯು 2016ರ ಜನವರಿಯಲ್ಲಿ ಐಎಫ್‌ಆರ್‌ಎಸ್ 16 ಎಂಬ ಮಾನದಂಡವನ್ನು ಪ್ರಕಟಿಸಿತು. ಅದಕ್ಕೆ ಅನುಗುಣವಾಗಿ ಭಾರತದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವು 2019ರ ಮಾರ್ಚ್ 30ರಂದು ಇಂಡ್ ಎಎಸ್ 116 ಅನ್ನು ಅಧಿಸೂಚಿಸಿತು. ಇದರ ಪ್ರಕಾರ ಬಾಡಿಗೆಗೆ ಪಡೆದವರ ಲೆಕ್ಕದಲ್ಲಿ ಎರಡು ಬಗೆಯ ಗುತ್ತಿಗೆಗಳ ಭೇದವಿಲ್ಲ. ಗುತ್ತಿಗೆ ಆರಂಭವಾದ ದಿನವೇ ಎರಡು ನಮೂದುಗಳು ಅಢಾವೆ ಪತ್ರಿಕೆಗೆ ಬರುತ್ತವೆ.

• ಗುತ್ತಿಗೆ ಹೊಣೆ: ಮುಂದೆ ತೆರಬೇಕಾದ ಬಾಡಿಗೆಗಳ ಇಂದಿನ ಮೌಲ್ಯ.
• ಬಳಕೆಯ ಹಕ್ಕಿನ ಆಸ್ತಿ: ಆ ಹೊಣೆಯ ಮೊತ್ತಕ್ಕೆ ಮುಂಗಡ ಬಾಡಿಗೆ, ಆರಂಭಿಕ ನೇರ ವೆಚ್ಚ ಮೊದಲಾದವನ್ನು ಹೊಂದಿಸಿದ ಮೊತ್ತ.

ನಂತರ ಹೊಣೆಯ ಮೇಲೆ ಬಡ್ಡಿಯನ್ನೂ ಆಸ್ತಿಯ ಮೇಲೆ ಸವಕಳಿಯನ್ನೂ ಲೆಕ್ಕ ಹಾಕಲಾಗುತ್ತದೆ. ಬಾಡಿಗೆ ಎಂಬ ವೆಚ್ಚದ ಸ್ಥಾನವನ್ನು ಇವೆರಡೂ ಸೇರಿ ತುಂಬುತ್ತವೆ.

ಉದಾಹರಣೆ

ಒಂದು ಕಂಪನಿಯು ಕೃಷ್ಣಮೂರ್ತಿಪುರಂನಲ್ಲಿ ಕಟ್ಟಡವೊಂದನ್ನು ಮೂರು ವರ್ಷಗಳಿಗೆ ಬಾಡಿಗೆಗೆ ಪಡೆದಿದೆ ಎಂದು ಭಾವಿಸೋಣ. ಪ್ರತಿ ವರ್ಷದ ಕೊನೆಗೆ ₹12,00,000 ಬಾಡಿಗೆ ಕೊಡಬೇಕು. ಕಂಪನಿಗೆ ಸಾಲ ದೊರೆಯುವ ಬಡ್ಡಿದರ ಶೇ. 10. ಮೂರು ಕಂತುಗಳ ಒಟ್ಟು ಮೊತ್ತ ₹36,00,000 ಆದರೂ ಅವುಗಳ ಇಂದಿನ ಮೌಲ್ಯ ₹29,84,222. ಮೊದಲ ದಿನ ಇಷ್ಟೇ ಮೊತ್ತವು ಒಂದು ಕಡೆ ಆಸ್ತಿಯಾಗಿ, ಇನ್ನೊಂದು ಕಡೆ ಹೊಣೆಯಾಗಿ ದಾಖಲಾಗುತ್ತದೆ. ಪ್ರತಿ ವರ್ಷದ ಸವಕಳಿ ಸುಮಾರು ₹9,94,741.

• 1ನೇ ವರ್ಷ: ಬಡ್ಡಿ ₹2,98,422, ಸವಕಳಿ ಸೇರಿ ಒಟ್ಟು ವೆಚ್ಚ ₹12,93,163, ಉಳಿದ ಹೊಣೆ ₹20,82,644.
• 2ನೇ ವರ್ಷ: ಬಡ್ಡಿ ₹2,08,264, ಒಟ್ಟು ವೆಚ್ಚ ₹12,03,005, ಉಳಿದ ಹೊಣೆ ₹10,90,908.
• 3ನೇ ವರ್ಷ: ಬಡ್ಡಿ ₹1,09,092, ಒಟ್ಟು ವೆಚ್ಚ ₹11,03,832, ಹೊಣೆ ತೀರುತ್ತದೆ.

ಮೂರು ವರ್ಷಗಳ ವೆಚ್ಚವನ್ನು ಕೂಡಿದರೆ ಮತ್ತೆ ₹36,00,000 ಬರುತ್ತದೆ. ಒಟ್ಟು ವೆಚ್ಚವಾಗಲಿ ಕೈಯಿಂದ ಹೋಗುವ ಹಣವಾಗಲಿ ಬದಲಾಗಿಲ್ಲ. ಆರಂಭದ ವರ್ಷಗಳಲ್ಲಿ ವೆಚ್ಚ ಹೆಚ್ಚಾಗಿಯೂ ಕೊನೆಯಲ್ಲಿ ಕಡಿಮೆಯಾಗಿಯೂ ಕಾಣುತ್ತದೆ, ಅಷ್ಟೆ.

ಇದೇ ಕಟ್ಟಡವನ್ನು ₹20,00,000 ಕೊಟ್ಟು ಮೂರು ವರ್ಷ ಭೋಗ್ಯಕ್ಕೆ ಪಡೆದಿದ್ದರೆ, ಹಿಂದಿರುಗಿ ಬರುವ ಆ ಠೇವಣಿಯ ಇಂದಿನ ಮೌಲ್ಯ ₹15,02,630. ಉಳಿದ ₹4,97,370 ಮುಂಗಡವಾಗಿ ಕೊಟ್ಟ ಬಾಡಿಗೆಯೆಂದು ಬಳಕೆಯ ಹಕ್ಕಿನ ಆಸ್ತಿಯಲ್ಲಿ ಸೇರುತ್ತದೆ. ಬಡ್ಡಿಯಿಲ್ಲದ ಠೇವಣಿಯಲ್ಲಿಯೂ ಬಾಡಿಗೆ ಅಡಗಿದೆ ಎಂಬುದು ಇದರ ತತ್ತ್ವ.

ವಿನಾಯಿತಿಗಳು

ಹನ್ನೆರಡು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯ, ಖರೀದಿಯ ಆಯ್ಕೆಯಿಲ್ಲದ ಗುತ್ತಿಗೆಗಳನ್ನೂ ಕಂಪ್ಯೂಟರ್, ಪೀಠೋಪಕರಣಗಳಂತಹ ಅಲ್ಪ ಮೌಲ್ಯದ ಸ್ವತ್ತುಗಳ ಗುತ್ತಿಗೆಗಳನ್ನೂ ಹಳೆಯ ರೀತಿಯಲ್ಲಿಯೇ ವೆಚ್ಚವಾಗಿ ಬರೆಯಲು ಅವಕಾಶವಿದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕಾದುದರಿಂದ ಹನ್ನೊಂದು ತಿಂಗಳ ಕರಾರು ನಮ್ಮಲ್ಲಿ ರೂಢಿಯಲ್ಲಿದೆ. ಆದರೆ ಕಾಗದದ ಮೇಲೆ ಹನ್ನೊಂದು ತಿಂಗಳು ಎಂದಿದ್ದ ಮಾತ್ರಕ್ಕೆ ವಿನಾಯಿತಿ ದೊರೆಯುವುದಿಲ್ಲ. ಕರಾರನ್ನು ಮುಂದುವರಿಸುವ ಹಕ್ಕು ಕಂಪನಿಗಿದ್ದು, ಅದನ್ನು ಬಳಸುವುದು ಬಹುಮಟ್ಟಿಗೆ ಖಚಿತವಾಗಿದ್ದರೆ ಆ ಅವಧಿಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ಇನ್ಫೋಸಿಸ್ ನಿದರ್ಶನ

ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯನ್ನೂ ಮೈಸೂರಿನ ಹೆಬ್ಬಾಳದಲ್ಲಿ ತರಬೇತಿ ಕೇಂದ್ರವನ್ನೂ ಹೊಂದಿರುವ ಇನ್ಫೋಸಿಸ್ 2019ರ ಏಪ್ರಿಲ್ 1ರಂದು ಹೊಸ ಪದ್ಧತಿಗೆ ಬದಲಾಯಿತು. ಆಗ ಅದರ ಕ್ರೋಡೀಕೃತ ಲೆಕ್ಕದಲ್ಲಿ ₹2,907 ಕೋಟಿಯ ಬಳಕೆಯ ಹಕ್ಕಿನ ಆಸ್ತಿ, ಒಳಗುತ್ತಿಗೆಗೆ ಸಂಬಂಧಿಸಿದ ₹430 ಕೋಟಿಯ ನಿವ್ವಳ ಹೂಡಿಕೆ ಹಾಗೂ ₹3,598 ಕೋಟಿಯ ಗುತ್ತಿಗೆ ಹೊಣೆ ಹೊಸದಾಗಿ ದಾಖಲಾದವು. ತೆರಿಗೆ ಕಳೆದು ₹40 ಕೋಟಿಯನ್ನು ಉಳಿಸಿಕೊಂಡ ಗಳಿಕೆಯಿಂದ ತಗ್ಗಿಸಲಾಯಿತು. ಲಾಭದ ಮೇಲಿನ ಪರಿಣಾಮ ನಗಣ್ಯವೆಂದು ಕಂಪನಿ ತಿಳಿಸಿತು.

ಮಾಲೀಕರ ಲೆಕ್ಕ ಮತ್ತು ಅನ್ವಯ

ಬಾಡಿಗೆಗೆ ಕೊಟ್ಟವರ ಲೆಕ್ಕದಲ್ಲಿ ಹಳೆಯ ವಿಂಗಡಣೆ ಮುಂದುವರಿದಿದೆ. ಕಾರ್ಯಾಚರಣಾ ಗುತ್ತಿಗೆಯಾದರೆ ಸ್ವತ್ತು ಅವರ ಅಢಾವೆ ಪತ್ರಿಕೆಯಲ್ಲಿಯೇ ಉಳಿದು, ಬಾಡಿಗೆ ಆದಾಯವಾಗುತ್ತದೆ.

ಇಂಡ್ ಎಎಸ್ ವ್ಯಾಪ್ತಿಗೆ ಬಾರದ ಸಣ್ಣ ಕಂಪನಿಗಳು ಇಂದಿಗೂ ಎಎಸ್ 19 ಅನ್ನೇ ಅನುಸರಿಸುತ್ತವೆ. ರಿಸರ್ವ್ ಬ್ಯಾಂಕ್ 2019ರ ಮಾರ್ಚ್‌ನಲ್ಲಿ ವಾಣಿಜ್ಯ ಬ್ಯಾಂಕುಗಳಿಗೆ ಇಂಡ್ ಎಎಸ್ ಜಾರಿಯನ್ನು ಮುಂದೂಡಿತು. ಆದ್ದರಿಂದ ಬ್ಯಾಂಕಿನ ವರದಿಯನ್ನು ಐಟಿ ಕಂಪನಿಯ ವರದಿಯೊಂದಿಗೆ ಹೋಲಿಸುವಾಗ ಈ ಭೇದವನ್ನು ಗಮನಿಸಬೇಕು. ಅಮೆರಿಕದ ಮಾನದಂಡವು ಗುತ್ತಿಗೆ ಹೊಣೆಯನ್ನು ಅಢಾವೆ ಪತ್ರಿಕೆಗೆ ತಂದಿದ್ದರೂ, ಕಾರ್ಯಾಚರಣಾ ಗುತ್ತಿಗೆಯ ವೆಚ್ಚವನ್ನು ಪ್ರತಿ ವರ್ಷ ಸಮನಾಗಿ ತೋರಿಸುವ ಕ್ರಮವನ್ನು ಉಳಿಸಿಕೊಂಡಿದೆ.

ವರದಿಯ ಓದು

ಹೊಸ ಪದ್ಧತಿಯಲ್ಲಿ ಸಾಲ ಮತ್ತು ಬಂಡವಾಳದ ಅನುಪಾತ ಏರುತ್ತದೆ. ಬಡ್ಡಿ, ತೆರಿಗೆ ಹಾಗೂ ಸವಕಳಿ ಕಳೆಯುವ ಮೊದಲಿನ ಲಾಭವೂ ಏರುತ್ತದೆ. ಏಕೆಂದರೆ ಅದರಿಂದ ಬಾಡಿಗೆಯನ್ನು ಕಳೆದಿರುವುದಿಲ್ಲ. ನಗದು ಹರಿವಿನ ಪಟ್ಟಿಯಲ್ಲಿ ಬಾಡಿಗೆ ಪಾವತಿಯು ಕಾರ್ಯಾಚರಣೆಯ ವಿಭಾಗದಿಂದ ಹಣಕಾಸಿನ ವಿಭಾಗಕ್ಕೆ ಸರಿಯುವುದರಿಂದ ಕಾರ್ಯಾಚರಣೆಯ ನಗದು ಹೆಚ್ಚಿದಂತೆ ತೋರುತ್ತದೆ. ಹೀಗಾಗಿ 2018–19 ಮತ್ತು 2019–20ರ ಅಂಕಿಗಳನ್ನು ಹೋಲಿಸುವವರು, ಕಂಡುಬಂದ ಏರಿಕೆಯಲ್ಲಿ ವ್ಯಾಪಾರದ ಬೆಳವಣಿಗೆ ಎಷ್ಟು, ಲೆಕ್ಕದ ಕ್ರಮ ಬದಲಾದ ಪರಿಣಾಮ ಎಷ್ಟು ಎಂಬುದನ್ನು ಟಿಪ್ಪಣಿಗಳ ಸಹಾಯದಿಂದ ಬೇರ್ಪಡಿಸಿ ನೋಡಬೇಕಾಗುತ್ತದೆ.